ಹಕ್ಕಿಗೊಂದು ಕರಟ, ಒಂದು ಕಟ್ಟು ತೆನೆ

ಹಕ್ಕಿಗೆ ಕಾಳು ಇಡಲು ನಾವು ಮೊದಲು ಮಾಡಿದ್ದು ಪ್ಲಾಸ್ಟಿಕ್ ಬಾಟಲಿಯದ್ದು. ಮಾರ್ಚ್ 20ರ ಗುಬ್ಬಿ ದಿನಕ್ಕೆ ಮಕ್ಕಳೆಲ್ಲ ಹಕ್ಕಿಗೆ ಕಾಳು ಹಾಕುವಂಥದ್ದು ಏನಾದರೂ ಮಾಡಿ ತರಬೇಕು ಅಂತ ಮಗಳ ಶಾಲೆಯಲ್ಲಿ ಹೇಳಿದ್ದರು. ಒಂದು ಲೀಟರಿನ ನೀರಿನ ಬಾಟಲಿಗೆ ಅಡ್ಡಡ್ಡ ಎರಡು ಮರದ ಚಮಚ ಚುಚ್ಚಿ, ಒಳಗೆ ಅಕ್ಕಿ ತುಂಬಿ, ಮೇಲೆ ನೈಲಾನ್ ದಾರ ಕಟ್ಟಿದೆವು. ಅರ್ಧ ಗಂಟೆಯ ಕೆಲಸ. ಶಾಲೆಯಿಂದ ವಾಪಸ್ ಬಂದ ಮೇಲೆ ಮನೆ ಮುಂದಿನ ಸೀಬೆ ಗಿಡಕ್ಕೆ ನೇತು ಹಾಕಿದೆವು.

ನಾಲ್ಕನೇ ದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಕೆಳಗೆ ಇಳಿದಾಗ ಗಿಡದಲ್ಲಿ ಏನೋ ಪಟಪಟ ಸದ್ದು. ಒಂದು ಪಿಕಳಾರ ತಲೆಕೆಳಗಾಗಿ ನೇತಾಡುತ್ತಿತ್ತು. ಕಟ್ಟಿ ಉಳಿದ ದಾರದ ತುದಿಯನ್ನು ನಾನು ಹಾಗೇ ಬಿಟ್ಟಿದ್ದೆ. ಅದರ ಎಳೆ ಬಿಚ್ಚಿಕೊಂಡು ಹಕ್ಕಿಯ ಬೆರಳಿಗೆ ಸುತ್ತಿಕೊಂಡಿತ್ತು. ಪಾಪ, ಅದು ಅಕ್ಕಿಗೆ ಬಂದದ್ದೂ ಅಲ್ಲ, ಸೀಬೆ ಹಣ್ಣಿಗೆ ಬಂದದ್ದು. ಟವೆಲ್ ಮುಚ್ಚಿ ಹಿಡಿದುಕೊಂಡೆ. ಮಗಳು ಕತ್ತರಿ ತಂದು ಕೊಟ್ಟಳು. ಟವೆಲ್ ಒಳಗೆ ಆ ಪುಟ್ಟ ಎದೆ ಬಡಿದುಕೊಳ್ಳುತ್ತಿದ್ದದ್ದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಒಂದು ಬೆರಳಿನಿಂದ ರಕ್ತ ಬಂದಿತ್ತು. ಬಿಡಿಸಿದ ಮೇಲೆ ಕಾಂಪೌಂಡ್ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಆಮೇಲೆ ಹಾರಿಹೋಯಿತು.

ಅವತ್ತು ಸಂಜೆಯೇ ಬಾಟಲಿ ತೆಗೆದೆ. ಇನ್ನು ಮುಂದೆ ಹಕ್ಕಿಗೆ ಏನು ಮಾಡಿದರೂ ಮಣ್ಣಿಗೆ ಬಿದ್ದರೆ ಮಣ್ಣಾಗುವ ವಸ್ತುವಿನಲ್ಲೇ ಮಾಡಬೇಕು ಅಂತ ನಾನೂ ಮಗಳೂ ಮಾತಾಡಿಕೊಂಡೆವು. ದಾರವೂ ಅಷ್ಟೇ, ತೆಂಗಿನ ನಾರಿನ ಹುರಿ ಅಥವಾ ಬಾಳೆ ನಾರು. ಬೇರೆ ಯಾವುದೂ ಬೇಡ.

ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ, ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಅಂಗೈ ಅಗಲದ ಅಂಗಳ. ಅದರಲ್ಲಿ ಒಂದು ಸೀಬೆ, ಒಂದು ಕರಿಬೇವು, ಎರಡು ದಾಸವಾಳ, ಹಿಂದೆ ಒಂದು ನುಗ್ಗೆ ಮರ. ಬಾಟಲಿಗೂ ಮುಂಚೆ ನಾನು ಮಹಡಿ ಮೇಲೆ ದಿನಾ ಒಂದು ಹಿಡಿ ಅಕ್ಕಿ ಚೆಲ್ಲುತ್ತಿದ್ದೆ. ಅದನ್ನು ನಿಲ್ಲಿಸಿದ್ದಕ್ಕೆ ಕಾರಣ ಪಾರಿವಾಳ. ಮೊದಲು ನಾಲ್ಕು ಬಂದವು, ತಿಂಗಳೊಳಗೆ ನಲವತ್ತಾದವು. ಮಹಡಿ ತುಂಬ ಹಿಕ್ಕೆ. ಕೆಳಗಿನ ಮನೆಯ ಆಂಟಿಗೆ ಮೊದಲೇ ಉಬ್ಬಸ ಇತ್ತು. ಪಾರಿವಾಳದ ಒಣಗಿದ ಹಿಕ್ಕೆ, ಪುಕ್ಕದ ಧೂಳು ಕೆಲವರ ಶ್ವಾಸಕೋಶಕ್ಕೆ ತುಂಬ ಕೆಟ್ಟದ್ದು ಅಂತ ಡಾಕ್ಟರು ಅವರಿಗೆ ಹೇಳಿದ್ದರು. ಅವರು ಬೈಯಲಿಲ್ಲ, ಮೆಟ್ಟಿಲಲ್ಲಿ ಸಿಕ್ಕಾಗ ಮೆಲ್ಲಗೆ ಹೇಳಿದರು. ಆದ್ದರಿಂದ ಚೆಲ್ಲುವ ಮಾತೇ ಇಲ್ಲ. ಚಿಕ್ಕದು ಬೇಕು, ನೇತಾಡುವಂಥದ್ದು ಬೇಕು. ಪಾರಿವಾಳಕ್ಕೆ ಚಪ್ಪಟೆ ಜಾಗ ಬೇಕು. ಅಲ್ಲಾಡುವ ಚಿಕ್ಕ ವಸ್ತುವಿನ ಮೇಲೆ ಅದು ಕೂರಲಾರದು.

ಹಾಗಾಗಿ ತೆಂಗಿನ ಕರಟ. ಮೈಸೂರಿನ ಕಡೆಯವರು ಚಿಪ್ಪು ಅನ್ನುತ್ತಾರೆ.

ಕರಟಕ್ಕೆ ತೂತು ಹಾಕುವುದು ನಾನು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಕರಟ ಸೀಳಿಹೋಗುತ್ತದೆ. ಎರಡು ಹಾಗೇ ಹೋದವು. ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಮೇಲೆ ಕೆಂಪಗೆ ಕಾಯಿಸಿ ಒತ್ತಿದರೆ ಸುಡುತ್ತಾ ಇಳಿಯುತ್ತದೆ. ಆದರೆ ಒಂದು ತೂತಿಗೆ ಐದಾರು ಸಲ ಕಾಯಿಸಬೇಕು, ಮನೆಯೆಲ್ಲ ಹೊಗೆ. ಕೊನೆಗೆ ಪಕ್ಕದ ಮನೆಯವರ ಹತ್ತಿರ ಡ್ರಿಲ್ ಇಸ್ಕೊಂಡು ಬಂದೆ. ಕರಟವನ್ನು ಹಳೇ ಬಟ್ಟೆಯ ಸಿಂಬೆಯ ಮೇಲೆ ಕವುಚಿ ಇಟ್ಟು, ಅಂಚಿನಿಂದ ಅರ್ಧ ಇಂಚು ಕೆಳಗೆ ಮೂರು ತೂತು ಹಾಕಿದೆ. ಮೂರೂ ಸಮ ದೂರದಲ್ಲಿ ಇರಬೇಕು, ಇಲ್ಲದಿದ್ದರೆ ಕರಟ ವಾಲುತ್ತದೆ. ನಾಲ್ಕು ಬೇಡ. ನಾಲ್ಕು ಹುರಿಯಲ್ಲಿ ಒಂದು ಯಾವಾಗಲೂ ಸಡಿಲ ಉಳಿಯುತ್ತದೆ.

ನೀರು ಇಳಿದುಹೋಗಲು ತಳಕ್ಕೂ ತೂತು ಬೇಕಲ್ಲ, ಅದಕ್ಕೂ ಡ್ರಿಲ್ ಹಿಡಿದು ಕೂತಿದ್ದೆ. ಆಗ ಅಮ್ಮನ ಫೋನ್ ಬಂತು. ಅಮ್ಮ ಇರುವುದು ತೀರ್ಥಹಳ್ಳಿಯ ಹತ್ತಿರ ಒಂದು ಹಳ್ಳಿಯಲ್ಲಿ.

"ಅಲ್ವೇ, ತಳ ತೂತು ಮಾಡಕ್ಕೆ ಯಾಕೆ ಒದ್ದಾಡ್ತೀಯ? ಕಾಯಿಗೆ ಮೂರು ಕಣ್ಣು ಇರಲ್ವಾ? ಕಣ್ಣಿರೋ ಹೋಳು ತಗೋ. ಒಂದು ಕಣ್ಣು ಮೆತ್ತಗಿರುತ್ತೆ. ಚಾಕು ತುದೀಲಿ ತಿರುವಿದ್ರೆ ಆಯ್ತು."

ಇಷ್ಟು ವರ್ಷ ದಿನಾ ಕಾಯಿ ಒಡೆದಿದ್ದೇನೆ, ಇದು ಹೊಳೆದಿರಲಿಲ್ಲ. ಮೂರರಲ್ಲಿ ಒಂದು ಕಣ್ಣು ಮಾತ್ರ ಮೆತ್ತಗೆ, ಮೊಳಕೆ ಹೊರಗೆ ಬರುವುದು ಅಲ್ಲಿಂದಲೇ. ಚಾಕುವಿನ ತುದಿ ಇಟ್ಟು ತಿರುವಿದೆ. ಎರಡು ನಿಮಿಷದಲ್ಲಿ ತೂತು ಬಿತ್ತು. ಅಂದಿನಿಂದ ಕಣ್ಣಿರುವ ಹೋಳು ಕಾಳಿಗೆ, ಕಣ್ಣಿಲ್ಲದ ಹೋಳು ನೀರಿಗೆ.

ಮೊದಲ ಕರಟದಲ್ಲಿ ಕಾಯಿಯನ್ನು ಪೂರ್ತಿ ತುರಿಯದೆ ಸ್ವಲ್ಪ ಬಿಟ್ಟಿದ್ದೆ, ಹಕ್ಕಿ ತಿನ್ನಲಿ ಅಂತ. ಕಾಗೆ ಬಂದು ಕರಟವನ್ನೇ ಮಗುಚಿ ಹಾಕಿತು. ಉಳಿದ ಕಾಯಿ ಬಿಸಿಲಿಗೆ ಎರಡೇ ದಿನಕ್ಕೆ ಕಮಟು ಹಿಡಿಯಿತು. ಆಮೇಲೆ ಒಳಗೆಲ್ಲ ಚೆನ್ನಾಗಿ ಕೆರೆದು, ಬಿಸಿಲಲ್ಲಿ ಒಂದು ವಾರ ಒಣಗಿಸಿಯೇ ಕಟ್ಟುವುದು. ಹುರಿಯ ಗಂಟಿನಿಂದ ತುದಿ ಒಂದು ಇಂಚಿಗಿಂತ ಜಾಸ್ತಿ ಹೊರಗೆ ಬರದ ಹಾಗೆ ಕತ್ತರಿಸುತ್ತೇನೆ. ಇದೊಂದು ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು.

ಕರಟ ಸಿದ್ಧವಾದದ್ದು ಮಾರ್ಚ್ ಕೊನೆಗೆ. ಮಹಡಿಯ ವರಾಂಡದ ನಟ್ಟನಡುವೆ, ನಮ್ಮ ಕಿಟಕಿಯಿಂದ ಚೆನ್ನಾಗಿ ಕಾಣುವ ಹಾಗೆ ನೇತು ಹಾಕಿದೆವು. ನವಣೆ, ಸ್ವಲ್ಪ ನುಚ್ಚಕ್ಕಿ. ಒಂಬತ್ತು ದಿನ ಒಂದು ಹಕ್ಕಿಯೂ ಬರಲಿಲ್ಲ. ಮಗಳು ಶಾಲೆಯಿಂದ ಬಂದ ಕೂಡಲೇ ಚೀಲ ಬಿಸಾಡಿ ಕರಟದೊಳಗೆ ಇಣುಕುತ್ತಿದ್ದಳು. ಕಾಳು ಹಾಗೇ ಇರುತ್ತಿತ್ತು.

ಹತ್ತನೇ ದಿನ ಸುಮ್ನೆ ಕೂತು ನೋಡಿದೆ. ಬೆಳಿಗ್ಗೆ ಆರೂವರೆಗೆ ಎರಡು ಗುಬ್ಬಿ ಕರಿಬೇವಿನ ಗಿಡಕ್ಕೆ ಬಂದವು. ಎಲೆಯೊಳಗೆ ಕೂತು ಆ ಕಡೆ ಈ ಕಡೆ ನೋಡಿದವು. ನೆಲಕ್ಕೆ ಇಳಿದು ಏನೋ ಹೆಕ್ಕಿ ತಕ್ಷಣ ಮತ್ತೆ ಗಿಡದೊಳಗೆ. ಅಂದರೆ ಅವಕ್ಕೆ ಮೊದಲು ಬಚ್ಚಿಟ್ಟುಕೊಳ್ಳಲು ಒಂದು ಪೊದೆ ಬೇಕು, ಊಟ ಆಮೇಲೆ. ನನ್ನ ಕರಟ ಬಟ್ಟ ಬಯಲಲ್ಲಿತ್ತು. ಅದನ್ನು ಬಿಚ್ಚಿ ಕೆಳಗೆ ಕರಿಬೇವಿನ ಪಕ್ಕದಲ್ಲೇ ಕಟ್ಟಿದೆ. ಮಾರನೇ ದಿನವೇ ಗುಬ್ಬಿ ಬಂತು. ಆದರೆ ಅದರ ಮಾರನೇ ದಿನ ಗಿಡದ ಬುಡದಲ್ಲಿ ಬೆಕ್ಕು ಹೊಂಚು ಹಾಕಿ ಕೂತಿತ್ತು. ಮತ್ತೆ ಬಿಚ್ಚಿದೆ. ಕೊನೆಗೆ ನಿಂತ ಜಾಗ ಗಿಡದಿಂದ ಸುಮಾರು ಆರು ಅಡಿ ದೂರ, ನನ್ನ ತಲೆಗಿಂತ ಒಂದು ಅಡಿ ಮೇಲೆ. ಗುಬ್ಬಿಗೆ ಒಂದೇ ಹಾರು, ಬೆಕ್ಕಿಗೆ ಎಟುಕದು. ಕರಟ ಮಾಡಲು ಒಂದು ದಿನ ಸಾಕಾಯಿತು, ಜಾಗ ಹುಡುಕಲು ಮೂರು ವಾರ ಬೇಕಾಯಿತು.

ಏಪ್ರಿಲ್‌ನಲ್ಲಿ ಇನ್ನೊಂದು ಆತಂಕ. ದಿನಾ ಬರುತ್ತಿದ್ದ ಗುಬ್ಬಿಗಳು ನವಣೆ ಮುಟ್ಟದೆ ನುಗ್ಗೆ ಮರದಲ್ಲೇ ಓಡಾಡತೊಡಗಿದವು. ಕಾಳು ಕೆಟ್ಟಿದೆಯೇನೋ ಅಂತ ಬದಲಾಯಿಸಿದೆ. ಆಮೇಲೆ ನೋಡಿದರೆ ಬಾಯಲ್ಲಿ ಹುಳ ಕಚ್ಚಿಕೊಂಡು ಕೆಳಗಿನ ಮನೆಯ ಮೀಟರ್ ಬೋರ್ಡಿನ ಹಿಂದಕ್ಕೆ ಹೋಗುತ್ತಿವೆ. ಅಲ್ಲಿ ಮರಿಗಳಿದ್ದವು. ದೊಡ್ಡ ಗುಬ್ಬಿ ಕಾಳು ತಿನ್ನುತ್ತದೆ, ಆದರೆ ಎಳೇ ಮರಿಗೆ ಹುಳವೇ ಆಹಾರ. ಮೆತ್ತಗಿನ ಹುಳ ಸಿಗದಿದ್ದರೆ ಮರಿ ಬದುಕುವುದಿಲ್ಲ. ಅವತ್ತಿನಿಂದ ದಾಸವಾಳಕ್ಕೆ ಔಷಧಿ ಹೊಡೆಯುವುದನ್ನು ಬಿಟ್ಟೆವು. ಬಿಳಿ ಹಿಟ್ಟಿನಂಥ ಹುಳ ಬಂದರೆ ನೀರು ಜೋರಾಗಿ ಬಿಟ್ಟು ತೊಳೆಯುತ್ತೇವೆ. ಹೂವು ಸ್ವಲ್ಪ ಕಡಿಮೆ ಆಯಿತು. ಆಗಲಿ. ಗುಬ್ಬಿಗೆ ನಿಜವಾಗಿ ಉಪಕಾರ ಮಾಡಬೇಕು ಅನ್ನುವವರು ಕರಟ ಕಟ್ಟುವ ಮೊದಲು ಔಷಧಿ ಬಾಟಲಿ ಬಿಡಬೇಕು ಅಂತ ನನಗನಿಸುತ್ತದೆ.

ಕಾಳಿನ ವಿಷಯದಲ್ಲಿ ಎರಡು ಸಲ ದೊಡ್ಡ ತಪ್ಪಾಗುವುದು ಸ್ವಲ್ಪದರಲ್ಲಿ ತಪ್ಪಿತು. ನಮ್ಮ ಮನೆಯವರ ಸ್ನೇಹಿತರೊಬ್ಬರು ಬಿತ್ತಿ ಉಳಿದ ಸಜ್ಜೆ ಎರಡು ಕೆ.ಜಿ. ಕೊಟ್ಟಿದ್ದರು. ಬಣ್ಣ ಗುಲಾಬಿ. ಚೆನ್ನಾಗಿದೆಯಲ್ಲ ಅಂತ ಡಬ್ಬಿಗೆ ಹಾಕಿಟ್ಟಿದ್ದೆ. ಹುಣಸೂರು ಕಡೆಯಿಂದ ಸೊಪ್ಪು ತಂದು ಮಾರುವ ಅಣ್ಣ ಒಬ್ಬರು ಅದನ್ನು ನೋಡಿ ಬೆಚ್ಚಿಬಿದ್ದರು.

"ಅಯ್ಯೋ ಅಕ್ಕಾ, ಹಾಕ್ಬೇಡಿ! ಅದು ಬಿತ್ತೋ ಬೀಜ. ಔಷಧಿ ಹಚ್ಚಿರ್ತಾರೆ. ಹಕ್ಕಿ ತಿಂದ್ರೆ ಅಲ್ಲೇ ಬಿದ್ದೋಯ್ತವೆ."

ಬಿತ್ತನೆ ಬೀಜಕ್ಕೆ ಬೂಷ್ಟು, ಹುಳ ಬರದ ಹಾಗೆ ವಿಷ ಲೇಪಿಸುತ್ತಾರೆ. ತಿನ್ನುವ ಕಾಳಲ್ಲ ಅಂತ ಗೊತ್ತಾಗಲಿ ಅಂತಲೇ ಆ ಬಣ್ಣ. ಡಬ್ಬಿ ಮುಚ್ಚಿ ಅವತ್ತೇ ವಾಪಸ್ ಕೊಟ್ಟೆವು, ನನ್ನ ಕೈ ಮಾತ್ರ ಎಷ್ಟೋ ಹೊತ್ತು ನಡುಗುತ್ತಿತ್ತು.

ಇನ್ನೊಂದು ಕಡಲೆಕಾಯಿ ಬೀಜ. ಮಳೆಗಾಲದಲ್ಲಿ ಡಬ್ಬಿಯ ತಳದಲ್ಲಿ ಉಳಿದಿತ್ತು. ಒಂದೆರಡರ ಮೇಲೆ ಹಸಿರು ಬೂಷ್ಟು. ನಾವು ತಿನ್ನುವುದಿಲ್ಲ, ಹಕ್ಕಿಗಾದರೂ ಆಗಲಿ ಅನ್ನುವ ಬುದ್ಧಿ ಎಲ್ಲರಿಗೂ ಬರುತ್ತದೆ, ಅಲ್ವಾ? ಆ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಯಾಕೆ ಅಂತ ಗೊತ್ತಾಗದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಅವುಗಳ ಮೇವಿನಲ್ಲಿದ್ದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ವಿಷ ಜಗತ್ತಿಗೆ ಗೊತ್ತಾದದ್ದೇ ಹಾಗೆ. ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲಿ ಒಂದು ಮಾತು ಖಾಯಂ ಆಯಿತು. ನಾವು ಬಾಯಿಗೆ ಹಾಕಲಾರದ್ದನ್ನು ಹಕ್ಕಿಗೆ ಹಾಕುವುದಿಲ್ಲ. ಉಪ್ಪು ಖಾರದ ಮಿಕ್ಸ್ಚರ್, ಬ್ರೆಡ್ಡು, ಬಿಸ್ಕತ್ತು ಕೂಡ ಇಲ್ಲ.

ಮೇ ತಿಂಗಳ ಒಂದು ಸಂಜೆ ಗುಡುಗು ಮಿಂಚಿನ ಮಳೆ ಬಂತು. ಕಣ್ಣಿನ ತೂತು ಇದ್ದರೂ ನುಚ್ಚಕ್ಕಿ ಅದಕ್ಕೆ ಅಡ್ಡ ಕೂತು ನೀರು ನಿಂತಿತು. ಮಾರನೇ ದಿನ ಹುಳಿ ವಾಸನೆ. ಕಾಳಿನ ಮೇಲೆ ಒಂದು ಸೂರು ಬೇಕು ಅಂತ ಅರ್ಥವಾಯಿತು. ಬಿದಿರು ತಂದು ನೋಡಿದೆ. ಗಿಣ್ಣಿನ ಎರಡು ಬದಿ ಬಿಟ್ಟು ನಡುವೆ ಕಿಟಕಿ ಕೊಯ್ಯುವುದು. ನನ್ನ ಕೈಗೆ ಸೀಳು ಹೊಕ್ಕಿತೇ ಹೊರತು ಕಿಟಕಿ ಸರಿಯಾಗಲಿಲ್ಲ. ಬಿದಿರಿನ ಕೆಲಸ ಕಸುಬಿದ್ದವರದ್ದು. ಅದನ್ನು ಅಲ್ಲಿಗೇ ಬಿಟ್ಟೆ.

ಕೈ ಹಿಡಿದದ್ದು ಅಡಿಕೆ ಹಾಳೆ. ಊರಿನ ತೋಟದಲ್ಲಿ ಸೋಗೆಯ ಜೊತೆ ಉದುರಿ ಬೀಳುತ್ತಲೇ ಇರುತ್ತದೆ. ನೆಂಟರೊಬ್ಬರು ಬರುವಾಗ ಅಮ್ಮ ಹತ್ತು ಹಾಳೆ ಸುತ್ತಿ ಕಳಿಸಿದರು. ಒಣ ಹಾಳೆ ಮಡಚಿದರೆ ಸೀಳುತ್ತದೆ. ಬಕೆಟ್ ನೀರಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೆ ಚರ್ಮದ ಹಾಗೆ ಮೆತ್ತಗಾಗುತ್ತದೆ, ಹೇಳಿದ ಹಾಗೆ ಕೇಳುತ್ತದೆ. ಒಂದು ಅಡಿ ಉದ್ದದ ತುಂಡನ್ನು ಕವುಚಿ, ನಡುವೆ ಒಂದು ತೂತು ಮಾಡಿ, ಕರಟದ ಮೂರು ಹುರಿಯನ್ನೂ ಅದರೊಳಗಿಂದ ಮೇಲಕ್ಕೆ ಎಳೆದೆ. ಹಾಳೆ ಕೆಳಗೆ ಜಾರದ ಹಾಗೆ ಒಂದು ಗಂಟು. ಹಾಳೆಯ ನುಣುಪು ಬದಿ ಮೇಲೆ ಬರಬೇಕು, ಆಗ ನೀರು ಜಾರಿಹೋಗುತ್ತದೆ. ಕರಟಕ್ಕೂ ಹಾಳೆಗೂ ನಡುವೆ ಒಂದು ಗೇಣು ಜಾಗ ಬಿಟ್ಟೆ. ಅದಕ್ಕಿಂತ ಕಡಿಮೆ ಆದರೆ ಗುಬ್ಬಿಗೆ ಸುತ್ತ ಏನಿದೆ ಕಾಣುವುದಿಲ್ಲ, ಒಳಗೆ ಬರಲು ಹೆದರುತ್ತದೆ.

"ಗದ್ದೆಗೆ ಹೋಗೋರು ಹಾಳೆ ಟೋಪಿ ಹಾಕ್ಕೊಂಡ ಹಾಗಿದೆ," ಅಂದರು ಅಮ್ಮ, ವಿಡಿಯೋ ಕಾಲ್‌ನಲ್ಲಿ ನೋಡಿ. ಅವರ ಮುಖದಲ್ಲಿ ಅಷ್ಟು ಖುಷಿ ನೋಡಿ ಎಷ್ಟೋ ದಿನವಾಗಿತ್ತು.

ಮಳೆಗಾಲ ಆ ಟೋಪಿಯಲ್ಲೇ ಕಳೆಯಿತು. ಒಂದು ಹಾಳೆ ಎರಡು ತಿಂಗಳು ಬಂತು. ಕಪ್ಪು ಚುಕ್ಕೆ ಕಂಡ ಕೂಡಲೇ ಬದಲಿಸಿ, ಹಳೆಯದನ್ನು ಗಿಡದ ಬುಡಕ್ಕೆ ಹಾಕುತ್ತಿದ್ದೆ. ವಾರಕ್ಕೊಮ್ಮೆ ಕರಟ ಬಿಚ್ಚಿ, ಬಿಸಿನೀರಲ್ಲಿ ತಿಕ್ಕಿ, ಬಿಸಿಲಿದ್ದರೆ ಬಿಸಿಲಿಗೆ, ಇಲ್ಲದಿದ್ದರೆ ಒಲೆಯ ಪಕ್ಕ ಒಣಗಿಸುವುದು. ಅದಕ್ಕೇ ಎರಡು ಜೊತೆ ಮಾಡಿಟ್ಟುಕೊಂಡೆ. ಒಂದೇ ತಟ್ಟೆಯಲ್ಲಿ ಹತ್ತು ಹಕ್ಕಿ ಬಾಯಿ ಹಾಕುವಾಗ ಒಂದರ ಕಾಯಿಲೆ ಇನ್ನೊಂದಕ್ಕೆ ಹತ್ತುತ್ತದೆ. ಕಾಳೂ ಅಷ್ಟೇ, ಒಂದು ದಿನಕ್ಕೆ ಮುಗಿಯುವಷ್ಟು ಮಾತ್ರ, ಎರಡು ಚಮಚ. ನೀರಿನ ಕರಟವನ್ನು ದಿನಾ ಬೆಳಿಗ್ಗೆ ಚೆಲ್ಲಿ ಹೊಸದು ತುಂಬುವುದು. ಇಲ್ಲದಿದ್ದರೆ ಸೊಳ್ಳೆ ಮರಿಯಾಗುತ್ತದೆ.

ಅಳಿಲು ಬಾರದೆ ಇರುತ್ತದೆಯೇ? ಹುರಿ ಹಿಡಿದು ಇಳಿದು ಹಾಳೆಯ ಮೇಲೆ ಕೂರುತ್ತಿತ್ತು. ಓಡಿಸಬೇಕೇ ಅಂತ ಮಗಳು ಕೇಳಿದಳು. ಬೇಡ ಅಂದೆ. ಸೀಬೆ ಗಿಡದ ಕೊಂಬೆಗೆ ಮಾಗಿದ ಪಪ್ಪಾಯಿಯ ಒಂದು ಹೋಳು ಸಿಕ್ಕಿಸಿದೆವು. ಅಳಿಲು ಆ ಕಡೆ ಹೋಯಿತು, ಪಿಕಳಾರಗಳೂ ಅಲ್ಲಿಗೇ ಬಂದವು. ಒಂದು ದಿನ ಕುಟ್ರುಹಕ್ಕಿಯೂ ಬಂದಿತ್ತು. ಎಲೆಯ ಬಣ್ಣದಲ್ಲೇ ಬೆರೆತು, ಅಲುಗಾಡಿದಾಗ ಮಾತ್ರ ಕಾಣುತ್ತಿತ್ತು. ಬರುವ ಪಿಕಳಾರಗಳ ಕಾಲನ್ನೆಲ್ಲ ನಾನು ನೋಡುತ್ತಿದ್ದೆ. ಬೆರಳಿಗೆ ಗಾಯವಾದದ್ದು ಇದೆಯೇನೋ ಅಂತ. ಅಷ್ಟು ದೂರದಿಂದ ಗೊತ್ತಾಗುವುದಿಲ್ಲ.

ಡಿಸೆಂಬರ್‌ನಲ್ಲಿ ಕೊಯ್ಲು ಮುಗಿಸಿ ಅಮ್ಮ ಬಂದರು. ಹಳೇ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಸ್ಸಲ್ಲಿ ತಂದದ್ದು ಒಂದು ಕಟ್ಟು ಭತ್ತದ ತೆನೆ. ಬಿಚ್ಚಿದ ಕೂಡಲೇ ಮನೆ ತುಂಬ ಗದ್ದೆಯ ವಾಸನೆ. ನಾನು ಚಿಕ್ಕವಳಿದ್ದಾಗ ನಮ್ಮ ಜಗುಲಿಯ ತೊಲೆಗೆ ಇಂಥದ್ದೊಂದು ಗೊಂಚಲು ಕಟ್ಟಿರುತ್ತಿದ್ದರು. ಗುಬ್ಬಿಗಳು ಮನೆಯವರ ತಲೆಯ ಮೇಲೇ ಹಾರಿ ಬಂದು ತಿನ್ನುತ್ತಿದ್ದವು. ಅದು ನೆನಪಿತ್ತು. ಆದರೆ ಅದೇ ಹಕ್ಕಿಗೆ ಕಾಳು ಇಡುವ ಸಾಧನ ಅಂತ ಈ ಇಡೀ ವರ್ಷ ನನಗೆ ಹೊಳೆದಿರಲಿಲ್ಲ.

"ಕರಟ, ಹಾಳೆ ಎಲ್ಲ ಚೆಂದ ಇದೆ ಕಣೇ. ಆದ್ರೆ ಹಕ್ಕಿ ತಟ್ಟೇಲಿ ಉಣ್ಣುತ್ತಾ? ತೆನೇಲೇ ಉಣ್ಣೋದು," ಅಂದರು.

ಅವರು ಕಟ್ಟುವುದನ್ನು ಪಕ್ಕದಲ್ಲಿ ಕೂತು ಕಲಿತೆ. ತೆನೆಯ ಕೆಳಗೆ ಒಂದೂವರೆ ಅಡಿ ಕಡ್ಡಿ ಬಿಟ್ಟು ಕೊಯ್ದಿದ್ದರು. ಮೊದಲು ಕಡ್ಡಿಗೆ ಅಂಟಿದ ಎಲೆಯನ್ನೆಲ್ಲ ಸುಲಿಯಬೇಕು. ಪೂರ್ತಿ ಒಣಗಿದ ಹುಲ್ಲು ಹೆಣೆಯುವಾಗ ಮುರಿಯುತ್ತದೆ. ಅದಕ್ಕೆ ಕಡ್ಡಿಗಳಿಗೆ ಮಾತ್ರ ಒದ್ದೆ ಟವೆಲ್ ಸುತ್ತಿ ರಾತ್ರಿ ಇಟ್ಟರು. ತೆನೆಗೆ ನೀರು ತಾಗಬಾರದು. ಬೆಳಿಗ್ಗೆ ಮೂರು ಮೂರು ತೆನೆಯ ಮೂರು ಕಾಲು ಮಾಡಿ ಜಡೆ ಹಾಕಲು ಶುರು ಮಾಡಿದರು. ಜಡೆಗೆ ಹೂ ಮುಡಿಸಿದ ಹಾಗೆ, ಪ್ರತಿ ಸುತ್ತಿಗೂ ಇನ್ನೆರಡು ಮೂರು ತೆನೆ ಒಳಗೆ ಸೇರಿಸುತ್ತಾ ಹೋಗುವುದು. ತೆನೆಗಳೆಲ್ಲ ಒಂದೇ ಬದಿಗೆ ಜೋತು ಬೀಳಬೇಕು. ಕೈ ಬಿಗಿ ತಪ್ಪಬಾರದು. ಹುಲ್ಲು ಒಣಗಿದ ಮೇಲೆ ಸಣ್ಣಗಾಗುತ್ತದೆ, ಆಗ ತೆನೆ ಜಾರುತ್ತದೆ. ಕೊನೆಗೆ ಜಡೆಯ ಎರಡು ತುದಿ ಸೇರಿಸಿ ಬಳೆಯ ಹಾಗೆ ದುಂಡಗೆ ಮಾಡಿ ಬಾಳೆ ನಾರಿನಲ್ಲಿ ಕಟ್ಟಿದರು. ಸುಮಾರು ಎಂಬತ್ತು ತೆನೆ ಹಿಡಿಯಿತು. ನನ್ನ ಜಡೆ ಮೂರು ಸಲ ಬಿಚ್ಚಿಹೋಯಿತು, ನಾಲ್ಕನೆಯದು ನಿಂತಿತು. ಮಗಳು ಜಡೆಯ ಗೊಡವೆಗೇ ಹೋಗದೆ ಇಪ್ಪತ್ತು ತೆನೆ ಒಟ್ಟು ಮಾಡಿ ಪೊರಕೆಯ ಹಾಗೆ ಕಟ್ಟಿ ತಲೆಕೆಳಗೆ ನೇತು ಹಾಕಿದಳು. ನಿಜ ಹೇಳಬೇಕೆಂದರೆ ಹೊಸಬರಿಗೆ ಅದೇ ಸರಿ. ಐದು ನಿಮಿಷ ಸಾಕು.

ಸಜ್ಜಾದ ಕೆಳಗೆ, ಮಳೆ ಇಬ್ಬನಿ ತಾಗದ ಕಡೆ ಕಟ್ಟಿದೆವು. ಮೂರನೇ ದಿನ ಬೆಳಿಗ್ಗೆ ಅಮ್ಮ ನನ್ನನ್ನು ಎಬ್ಬಿಸಿದರು, ಮಾತಾಡದೆ, ಬರೀ ಕೈ ತಟ್ಟಿ. ಕಿಟಕಿಯ ಪರದೆ ಸಂದಿಯಿಂದ ನೋಡಿದೆವು. ಗುಬ್ಬಿ ಅಲ್ಲ. ಅದಕ್ಕಿಂತ ಚಿಕ್ಕ ಹಕ್ಕಿಗಳು, ಎಂಟು. ಕಂದು ಬೆನ್ನು, ಹೊಟ್ಟೆಯ ಮೇಲೆ ಮೀನಿನ ಹುರುಪೆಯಂಥ ಗೆರೆ. ಚುಕ್ಕೆ ರಾಟವಾಳ. ಇಡೀ ವರ್ಷ ಕರಟಕ್ಕೆ ಒಂದು ಸಲವೂ ಬಾರದವು. ತೆನೆ ಹಿಡಿದು ಜೋತು ಬಿದ್ದು, ದಪ್ಪ ಕೊಕ್ಕಿನಲ್ಲಿ ಒಂದೊಂದೇ ಭತ್ತ ಕಿತ್ತು, ಬಾಯಲ್ಲೇ ಹೊರಳಿಸಿ ಸಿಪ್ಪೆ ಬಿಡಿಸುತ್ತಿದ್ದವು. ಒಂದು ಹಕ್ಕಿ ಕೂತರೆ ತೆನೆ ಬಾಗುತ್ತದೆ, ಎರಡು ಕೂತರೆ ತೂಗುತ್ತದೆ. ಅವಕ್ಕೆ ಅದು ಗದ್ದೆಯೇ. ಹೊಟ್ಟು ಕೆಳಗೆ ಉದುರುತ್ತಿತ್ತು, ಜೊತೆಗೆ ಬಿದ್ದ ಕಾಳನ್ನು ಎರಡು ಚೋರೆ ಹಕ್ಕಿ ನೆಲದಲ್ಲಿ ಹೆಕ್ಕುತ್ತಿದ್ದವು. ಪಾರಿವಾಳ ಒಂದು ಬಂದು ನೋಡಿ, ಕೂರಲು ಜಾಗ ಸಿಗದೆ ಹೋಯಿತು. ಆರು ದಿನಕ್ಕೆ ಎಂಬತ್ತು ತೆನೆ ಖಾಲಿ.

ಆಮೇಲೆ ಸೊಪ್ಪಿನ ಅಣ್ಣನ ಹತ್ತಿರ ರಾಗಿ ತೆನೆ ಕೇಳಿದೆ. ಅದು ರಾಗಿ ಒಕ್ಕಣೆಯ ಕಾಲ. ಆ ಕಡೆಯ ಡಾಂಬರು ರಸ್ತೆಯ ಮೇಲೆಲ್ಲ ತೆನೆ ಹರಡಿರುತ್ತಾರೆ. ಒಂದು ಚೀಲ ತಂದುಕೊಟ್ಟರು, ದುಡ್ಡು ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ. ರಾಗಿ ಕಡ್ಡಿ ಗಟ್ಟಿ, ಜಡೆಗೆ ಬರುವುದಿಲ್ಲ. ಹದಿನೈದು ತೆನೆಯ ಕಟ್ಟು ಮಾಡಿ ನೇತು ಹಾಕಿದರೆ ಆಯಿತು. ರಾಟವಾಳ ಭತ್ತದಷ್ಟೇ ಆಸೆಯಿಂದ ಅದನ್ನೂ ತಿಂದವು.

ಕರಟ ಈಗಲೂ ಇದೆ. ತೆನೆ ಸಿಗದ ತಿಂಗಳಲ್ಲಿ ಅದೇ ಗತಿ, ಬೇಸಿಗೆಯಲ್ಲಿ ನೀರಿಗೂ ಅದೇ. ಖಾಲಿಯಾದ ಹುಲ್ಲಿನ ಬಳೆಯನ್ನು ಬಿಚ್ಚಬೇಕು ಅಂದುಕೊಂಡು ಮರೆತಿದ್ದೆ. ಫೆಬ್ರವರಿಯಲ್ಲಿ ಒಂದು ದಿನ ನೋಡಿದರೆ ಗುಬ್ಬಿ ಅದರ ಹುಲ್ಲನ್ನು ಎಳೆಯುತ್ತಿದೆ. ಹಿಂದಕ್ಕೆ ವಾಲಿ, ರೆಕ್ಕೆ ಬಡಿದು, ಕಿತ್ತುಕೊಂಡು ಮೀಟರ್ ಬೋರ್ಡಿನ ಹಿಂದಕ್ಕೆ. ಮತ್ತೆ ಬಂದು ಬಾಳೆ ನಾರಿನ ಒಂದು ಎಳೆ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

"ಹಾಗಾದ್ರೆ ಬಿಚ್ಬೇಡ, ಹಾಗೇ ಬಿಡು. ಮುಂದಿನ ಸಲ ಎರಡು ಕಟ್ಟು ಎತ್ತಿಡ್ತೀನಿ," ಅಂದರು.